ನನ್ನ ನಗು ಲಂಡನ್ನಿಗೆ ಹೋದಾಗ

ದಾವಣಗೆರೆ

ನನಗಿಂತ ಮೊದಲು ನನ್ನ ನಗು ಲಂಡನ್ ನೋಡಿತು. ನಾನು ಅದರ ಹಿಂದಿನಿಂದ ಹೋದವಳು.

ನಾನು ನಾಟಕ ಕಂಪನಿಯ ಕಲಾವಿದೆ, ಹೆಸರು ಜುಬೇದಾ. ಹುಟ್ಟಿದ್ದು ಹರಿಹರದ ಒಬ್ಬ ದರ್ಜಿಯ ಮನೆಯಲ್ಲಿ. ಮನೆಯೊಳಗೆ ಉರ್ದು, ಓಣಿಯಲ್ಲಿ ಕನ್ನಡ. ನಾಯಕಿಯ ಪಾತ್ರಕ್ಕೆ ನನ್ನ ಮುಖ ಒಪ್ಪುವುದಿಲ್ಲ ಎಂದು ನಮ್ಮ ಮಾಲೀಕರು ಚನ್ನಬಸಪ್ಪನವರು ನಾನು ಕಂಪನಿ ಸೇರಿದ ವಾರದಲ್ಲೇ ಹೇಳಿಬಿಟ್ಟಿದ್ದರು. ಹಾಗಾಗಿ ಸೊಸೆಯ ಹಾಲಿಗೆ ವಿಷ ಬೆರೆಸುವ ಅತ್ತೆ, ಮಲಮಕ್ಕಳನ್ನು ಉಪವಾಸ ಕೆಡವುವ ಚಿಕ್ಕಮ್ಮ, ಇಂಥವೇ ನನ್ನ ಪಾಲಿಗೆ ಬಂದವು. ಅವರೆಲ್ಲ ನಗಬೇಕು. ಸುಮ್ಮನೆ ನಕ್ಕರೆ ಸಾಲದು, ಟೆಂಟಿನ ಕೊನೆಯ ಸಾಲಿನಲ್ಲಿ ತಾಯಿಯ ಮಡಿಲಲ್ಲಿ ಮಲಗಿದ ಕೂಸು ಎದ್ದು ಅಳಬೇಕು. ಆ ನಗು ನನಗೆ ಅನ್ನ ಹಾಕಿತು. ದಾವಣಗೆರೆಯ ಸಂತೆಯಲ್ಲಿ ಸೊಪ್ಪಿನವಳು ಕೂಡ, "ಒಂದ್ಸಲ ನಗ್ರಿ ಅಕ್ಕಾ, ಕೊತ್ತಂಬ್ರಿ ಕಟ್ಟು ಹಂಗೇ ಕೊಡ್ತೀನಿ" ಅನ್ನುತ್ತಿದ್ದಳು.

ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿದ್ದ ದಿನಗಳು. ಹಂಪಿಗೆ ಹೊರಟಿದ್ದ ಇಂಗ್ಲೆಂಡಿನ ಹುಡುಗಿಯೊಬ್ಬಳ ಬಸ್ಸು ನಮ್ಮೂರಲ್ಲಿ ಕೆಟ್ಟು ನಿಂತಿತು. ಅವಳು ಲಾಡ್ಜಿನ ಕಿಟಕಿಯಿಂದ ನಮ್ಮ ಟೆಂಟಿನ ಮೈಕು ಕೇಳಿ, ಟಿಕೆಟ್ ತಗೊಂಡು ಬಂದು, ಒಂದು ಮಾತೂ ಅರ್ಥವಾಗದೆ ಇಡೀ ನಾಟಕ ನೋಡಿದಳಂತೆ. ಮರುದಿನ ಬೆಳಿಗ್ಗೆ ವಿಶಾಲಾಕ್ಷಿ ಮೇಡಂ ಅವಳನ್ನು ಕರಕೊಂಡು ಬಂದರು. ಮೇಡಂ ವಿದ್ಯಾನಗರದವರು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ, ನಮ್ಮ ಯಾವ ನಾಟಕವನ್ನೂ ಬಿಟ್ಟವರಲ್ಲ. ಆ ರಾತ್ರಿ ಪಕ್ಕದ ಕುರ್ಚಿಯಲ್ಲಿ ಕೂತು ಹುಡುಗಿಗೆ ಕಥೆ ಹೇಳಿದವರೂ ಅವರೇ.

"ಜುಬೇದಮ್ಮ, ಈಕೆ ಹೆಲೆನ್. ಈಕೆ ಸದ್ದು ಕೂಡಿಸ್ತಾಳಂತೆ. ನಿಮ್ಮ ನಗು ಬೇಕಂತೆ."

"ಅದನ್ನೂ ಕೊಟ್ಟರೆ ನನ್ನ ಹತ್ರ ಏನು ಉಳೀತೈತ್ರಿ ಮೇಡಂ?" ಅಂದೆ.

ಹೆಲೆನ್‌ಗೆ ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವಳು ನಗಲಿಲ್ಲ. ಬಹಳ ಗಂಭೀರವಾಗಿ, ನಗು ನನ್ನದೇ ಆಗಿರುತ್ತದೆ, ಎಲ್ಲೇ ಬಳಸಿದರೂ ನನ್ನ ಹೆಸರು ಹಾಕುತ್ತೇನೆ ಅಂದಳು. ಆ ಗಾಂಭೀರ್ಯಕ್ಕೆ ಒಪ್ಪಿದೆ. ಖಾಲಿ ಟೆಂಟಿನಲ್ಲಿ ನಿಂತು ನಕ್ಕೆ. ಅವಳು ಹೆಗಲ ಚೀಲದಿಂದ ಸಣ್ಣ ಯಂತ್ರ ತೆಗೆದು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿದಳು. ಬೆಂಚಿನ ಕೆಳಗೆ ಮಲಗಿದ್ದ ನಾಯಿ ಎದ್ದು ಓಡಿತು. ನಾಯಿ ಓಡಿದ ಸದ್ದನ್ನೂ ಅವಳು ಹಿಡಿದುಕೊಂಡಳು.

ಆಮೇಲೆ ನಾವೆಲ್ಲ ಅದನ್ನು ಮರೆತೆವು. ವರ್ಷ ಕಳೆದ ಮೇಲೆ ಮೇಡಂ ಏದುಸಿರು ಬಿಡುತ್ತಾ ಬಂದರು. ಹೆಲೆನ್ ಸದ್ದು ಮಾಡಿಕೊಟ್ಟಿದ್ದ ವಿಡಿಯೋ ಗೇಮೊಂದು ಲಂಡನ್ನಿನಲ್ಲಿ ಬಹುಮಾನದ ಪಟ್ಟಿಗೆ ಸೇರಿತ್ತು. ಒಂದು ಹಾಳು ಕೋಟೆ, ಅದರೊಳಗೆ ದಾರಿ ಹುಡುಕುವ ಆಟ. ತಪ್ಪು ಬಾಗಿಲು ತೆಗೆದರೆ ನನ್ನ ನಗು ಕೇಳುತ್ತದೆ. ಆಟ ಮಾಡಿದ ಕಂಪನಿಯವರು ನನಗೂ, ನನಗೆ ಮಾತು ತಿಳಿಸಿಕೊಡಲೆಂದು ಮೇಡಂ ಅವರಿಗೂ ವಿಮಾನದ ಟಿಕೆಟ್ ಕಳಿಸಿದ್ದರು.

ವಿಡಿಯೋ ಗೇಮ್ ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಮೇಡಂ ವಿದ್ಯಾನಗರದ ಹಾಸ್ಟೆಲ್ ಪಕ್ಕದ ಒಂದು ಅಂಗಡಿಗೆ ಕರೆದೊಯ್ದರು. ಒಳಗೆ ಕಾಲೇಜು ಹುಡುಗರು ಸಾಲಾಗಿ ನಿಂತು ಗುಂಡಿ ಕುಟ್ಟುತ್ತಿದ್ದರು. ಮೇಡಂ ಮುಖ ಕಂಡದ್ದೇ ಇಬ್ಬರು ಹಿಂದಿನ ಬಾಗಿಲಿಂದ ಜಾಗ ಖಾಲಿ ಮಾಡಿದರು. ಉಳಿದವನೊಬ್ಬ ನನಗೆ ವಿವರಿಸಿದ. "ಇದು ಸಿನಿಮಾ ಇದ್ದಂಗೆ ಆಂಟಿ. ಆದ್ರೆ ಹೀರೋ ನಾವೇ. ಸತ್ರೂ ನಾವೇ ಸಾಯ್ಬೇಕು."

ವಿಮಾನ

ಮುಂಬೈಯಿಂದ ವಿಮಾನ. ಅದರ ಬಗ್ಗೆ ನಾನು ಹೇಳುವುದು ಸ್ವಲ್ಪ. ಸೀಟಿನ ಪಟ್ಟಿ ಹಾಕುವಾಗ ನನ್ನ ಸೆರಗನ್ನೂ ಸೇರಿಸಿ ಬಿಗಿದುಕೊಂಡು, ಇಳಿಯುವವರೆಗೂ ಒಂದು ಕಡೆಗೇ ವಾಲಿ ಕೂತಿದ್ದೆ. ಅದಕ್ಕಿಂತ ಹೆಚ್ಚಿನ ಆಘಾತ ಮೇಡಂ ಅವರಿಗೆ ಆಯಿತು. ಗಗನಸಖಿ ಬಂದು ಏನೋ ಕೇಳಿದಳು. ಮೇಡಂ "ಪಾರ್ಡನ್?" ಅಂದರು. ಅವಳು ಮತ್ತೆ ಕೇಳಿದಳು. ಮೇಡಂ ಮತ್ತೆ "ಪಾರ್ಡನ್?" ಅಂದರು. ಮೂರನೇ ಸಲಕ್ಕೆ ನಾನು ಟ್ರಾಲಿಯ ಮೇಲಿದ್ದ ಕಿತ್ತಳೆ ರಸಕ್ಕೆ ಬೆರಳು ತೋರಿಸಿ ಇಬ್ಬರಿಗೂ ಕೊಡಿಸಿದೆ.

"ಆಕೆ ಮಾತಾಡಿದ್ದು ಇಂಗ್ಲಿಷೇ ಏನು ಜುಬೇದಮ್ಮ?" ಅಂತ ಮೇಡಂ ಮೆಲ್ಲಗೆ ಕೇಳಿದರು.

"ಇರಬೌದ್ರಿ. ನೀವು ಕಲಿಸೋದು ಓದೋ ಇಂಗ್ಲಿಷು, ಅವರದು ತಿನ್ನೋ ಇಂಗ್ಲಿಷು."

ಅವರು ಮೊದಲು ಮುಖ ಬಿಗಿದರು. ಸ್ವಲ್ಪ ಹೊತ್ತಿಗೆ ಕಿಟಕಿ ಕಡೆ ತಿರುಗಿ ಹೆಗಲು ಅಲುಗಿಸುತ್ತಾ ನಕ್ಕರು.

ವಸತಿಗೃಹದ ಬೆಳಿಗ್ಗೆ

ನಮ್ಮನ್ನು ಇಳಿಸಿದ್ದು ಒಬ್ಬ ಮುದುಕಿ ನಡೆಸುವ ಸಣ್ಣ ವಸತಿಗೃಹದಲ್ಲಿ. ಮೆಟ್ಟಿಲಿಗೆಲ್ಲ ಹೂವಿನ ಜಮಖಾನ. ನೀರು ಕಾಯಿಸಲು ಕೋಣೆಯಲ್ಲೇ ಕೆಟಲ್ ಇಟ್ಟಿದ್ದರು, ಆದರೆ ಸ್ನಾನಕ್ಕೆ ಚೊಂಬು ಎಲ್ಲಿ ಹುಡುಕಿದರೂ ಸಿಗಲಿಲ್ಲ.

ನಾನು ಊರಿಂದ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ ಒಯ್ದಿದ್ದೆ. ಮೊದಲ ಬೆಳಿಗ್ಗೆ ಆ ಚಳಿಗೆ ರೊಟ್ಟಿ ಒಂಚೂರು ಬಿಸಿಯಾದರೆ ಚೆಂದ ಅನಿಸಿ, ಕೋಣೆಯ ಹೀಟರಿನ ಕೆಂಪು ಸರಳುಗಳ ಮುಂದೆ ಹಿಡಿದೆ. ರೊಟ್ಟಿಯ ಅಂಚು ಹೊಗೆಯಾಡಿತು. ಮರುಕ್ಷಣ ಇಡೀ ಕಟ್ಟಡ ಕಿರುಚಿಕೊಂಡಿತು. ಬೆಂಕಿಯ ಎಚ್ಚರಿಕೆಯ ಗಂಟೆ ಅದು. ಎಲ್ಲ ಬಾಗಿಲೂ ತೆರೆದವು. ರಾತ್ರಿಯ ಉಡುಪಿನಲ್ಲಿದ್ದ ಹೆಂಗಸರು, ಅರ್ಧ ಗಡ್ಡ ಕೆರೆದುಕೊಂಡ ಗಂಡಸರು, ಎಲ್ಲ ಇಳಿದು ಬೀದಿಗೆ ಬಂದರು. ನಾನೂ ಬಂದೆ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ.

ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಓಣಿ ನನ್ನನ್ನು ಬೈದು, ಇನ್ನರ್ಧ ನನ್ನ ಪರವಾಗಿ ಜಗಳಕ್ಕೆ ನಿಂತಿರುತ್ತಿತ್ತು. ಇಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಚಳಿಯಲ್ಲಿ ನಡುಗುತ್ತಾ, ಯಾರೂ ಹೇಳದಿದ್ದರೂ ಗೋಡೆಯುದ್ದಕ್ಕೆ ಸಾಲಾಗಿ ನಿಂತರು. ಆ ಮೌನವೇ ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಮೇಡಂ ಹಿಡಿದು ತಂದಿದ್ದ ರೊಟ್ಟಿಯ ಡಬ್ಬಿ ತೆಗೆದು, ಒಂದು ತುದಿಯಿಂದ ಎಲ್ಲರಿಗೂ ರೊಟ್ಟಿ ಮುರಿದು ಚಟ್ನಿಪುಡಿ ಹಾಕಿ ಹಂಚಿದೆ. ಅರ್ಧ ಗಡ್ಡದ ಗಂಡಸು ಒಂದು ತುಣುಕು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡು ಏನೋ ಹೇಳಿದ.

"ಏನಂತಾನೆ ಮೇಡಂ?"

"ಗಂಟೆ ಹೊಡೆದದ್ದು ಸರಿಯಾಗೇ ಐತೆ ಅಂತಾನೆ," ಅಂದರು ಮೇಡಂ. ಊರು ಬಿಟ್ಟ ಮೇಲೆ ಅವರಿಗೆ ಪೂರ್ತಿ ಅರ್ಥವಾದ ಮೊದಲ ಇಂಗ್ಲಿಷ್ ಮಾತು ಅದು. ದಿನವಿಡೀ ಖುಷಿಯಾಗಿದ್ದರು.

ತಾಲೀಮು

ಹೆಲೆನ್ ನಮ್ಮನ್ನು ತಬ್ಬಿಕೊಂಡು ಕರೆದೊಯ್ದಳು. ಬಹುಮಾನದ ಸಭೆ ನಡೆಯುವ ಹಾಲು ನಮ್ಮ ದಾವಣಗೆರೆಯ ಯಾವ ಟಾಕೀಸಿಗಿಂತಲೂ ದೊಡ್ಡದು. ಮಧ್ಯಾಹ್ನದ ತಾಲೀಮು ನಡೆದಿತ್ತು. ಕ್ಯಾಮೆರಾಗಳು, ನೆಲದ ತುಂಬ ಹಾವಿನ ಹಾಗೆ ವೈರುಗಳು. ಕುರ್ಚಿಗಳ ಮೇಲೆ ಕೂರಬೇಕಾದವರ ಫೋಟೋ ಅಂಟಿಸಿದ್ದರು. ನನ್ನ ಕುರ್ಚಿಯ ಮೇಲೆ ಮಾತ್ರ ಫೋಟೋ ಇರಲಿಲ್ಲ, "ನಗು" ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು.

ಅಲ್ಲಿದ್ದವರನ್ನು ನೋಡಿ ನನಗೆ ಆಶ್ಚರ್ಯ. ಇಂಥ ದೊಡ್ಡ ಸಭೆಗೆ ಬಂದ ಆಟ ಮಾಡುವವರೆಲ್ಲ ಸಂಕೋಚದ ಜನ. ಬಾಡಿಗೆಯ ಕೋಟು ಹಾಕಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ನಮ್ಮ ಕಂಪನಿಯ ಪರದೆ ಎಳೆಯುವವರನ್ನು ಒಮ್ಮೆಲೆ ದೀಪದ ಮುಂದೆ ತಂದು ನಿಲ್ಲಿಸಿದರೆ ಹೀಗೇ ನಿಲ್ಲುತ್ತಾರೆ.

ಸಭೆ ಟಿವಿಯಲ್ಲಿ ನೇರವಾಗಿ ಬರುವುದು ಅದೇ ಮೊದಲ ಸಲವಂತೆ. ಟಿವಿಯವರು ಒಂದು ಷರತ್ತು ಹಾಕಿದ್ದರು. ನಿರೂಪಣೆಗೆ ಮನೆಮನೆಗೂ ಗೊತ್ತಿರುವ ಮುಖ ಬೇಕು. ಹಾಗಾಗಿ ಟೋನಿ ಎಂಬ ಹಾಸ್ಯನಟನನ್ನು ಕರೆಸಿದ್ದರು. ಆತ ಟಿವಿಯಲ್ಲಿ ಬಂದರೆ ಆ ದೇಶದಲ್ಲಿ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೂತು ನೋಡುತ್ತಾರಂತೆ.

ಆ ಮಧ್ಯಾಹ್ನ ಹೆಲೆನ್ ಅತ್ತಳು. ಸಂಘಟಕರಾದ ಮಾರ್ಗರೆಟ್ ಎಂಬ ಹಿರಿಯ ಹೆಂಗಸು ಬಂದು ಅವಳಿಗೆ ಏನೋ ಹೇಳಿ ಹೋದ ಮೇಲೆ, ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟಳು. ಮೇಡಂ ಕೇಳಿ ತಿಳಿದು ನನಗೆ ಹೇಳಿದರು. ಸದ್ದಿನ ಬಹುಮಾನವನ್ನು ಜಾಹೀರಾತಿನ ಹೊತ್ತಿನಲ್ಲಿ ಕೊಟ್ಟು ಮುಗಿಸುತ್ತಾರಂತೆ. ಹಾಲಿನಲ್ಲಿದ್ದವರು ನೋಡುತ್ತಾರೆ, ಟಿವಿಯಲ್ಲಿ ಮಾತ್ರ ಬರುವುದಿಲ್ಲ.

"ಅದಕ್ಕೆ ಯಾಕ ಅಳ್ತಾಳೆ? ಬಹುಮಾನ ಕೊಡೋದು ಕೊಡ್ತಾರಲ್ಲ?"

"ಇವಳ ತಾಯಿ ಸಮುದ್ರದ ದಂಡೆಯ ಒಂದು ಹಳ್ಳಿಯಲ್ಲಿ ಇದಾರಂತೆ. ಕಾಲು ಬಿದ್ದು ಹೋಗೇತಿ, ಬರಾಕ ಆಗಲ್ಲ. ಇಷ್ಟು ವರ್ಷ ಮಗಳು ಏನು ಕೆಲಸ ಮಾಡ್ತಾಳೆ ಅಂತ ಅವರಿಗೆ ತಿಳಿದೇ ಇಲ್ಲ. ಇವತ್ತು ಟಿವಿ ಮುಂದೆ ಕೂತು ಕಾಯ್ತಿರ್ತಾರೆ, ಅಕ್ಕಪಕ್ಕದೋರನ್ನೂ ಕರೆದಾರಂತೆ."

ಮಾರ್ಗರೆಟ್ ಮೇಲೆ ನನಗೆ ಸಿಟ್ಟು ಬಂತು. ಆದರೆ ಆಕೆ ಮತ್ತೆ ಬಂದಾಗ ಮುಖ ನೋಡಿದೆ. ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ತಣ್ಣಗಾದ ಟೀ. ಈ ಸಲ ಜನ ನೋಡದಿದ್ದರೆ ಟಿವಿಯವರು ಮತ್ತೆಂದೂ ಈ ಕಡೆ ತಿರುಗುವುದಿಲ್ಲ, ಸಾಮಾನ್ಯ ಜನಕ್ಕೆ ಸದ್ದಿನ ಕೆಲಸವೆಂದರೆ ಏನೆಂದು ಗೊತ್ತಿಲ್ಲ, ಟೋನಿ ಇದ್ದಷ್ಟು ಹೊತ್ತು ನೋಡುತ್ತಾರೆ ಅಂದಳು. ಸುಳ್ಳು ಹೇಳುತ್ತಿಲ್ಲ ಅನಿಸಿತು. ಮಳೆಗಾಲಕ್ಕೆ ಮುಂಚೆ ಕ್ಯಾಂಪು ಹಾಕಿದ ಊರಲ್ಲಿ ಟೆಂಟು ತುಂಬದೆ ಹೋದಾಗ ನಮ್ಮ ಚನ್ನಬಸಪ್ಪನವರ ಮುಖವೂ ಹೀಗೇ ಇರುತ್ತದೆ.

ಮೇಕಪ್ ಕೋಣೆ

ಟಿವಿಯಲ್ಲಿ ಹೊಳೆಯಬಾರದು ಎಂದು ನನ್ನ ಮುಖಕ್ಕೂ ಪೌಡರು ಹಾಕಲು ಕರೆದೊಯ್ದರು. ಅಷ್ಟು ಹೊತ್ತಿಗೆ ಮೇಡಂ ಟೀ ಹುಡುಕಿಕೊಂಡು ಹೋಗಿ ದಾರಿ ತಪ್ಪಿಸಿಕೊಂಡಿದ್ದರು. ಮೇಕಪ್ ಮಾಡುವವಳ ಹೆಸರು ನಸ್ರೀನ್. ಅವಳ ಅಪ್ಪ ಅಮ್ಮ ಲಾಹೋರಿನವರು. ನಾನು ಉರ್ದುವಿನಲ್ಲಿ "ಸ್ವಲ್ಪ ಕಮ್ಮಿ ಹಚ್ಚಮ್ಮ" ಅಂದದ್ದೇ ಅವಳ ಕೈ ನಿಂತಿತು.

"ಆಪಾ, ಇದು ಯಾವ ಕಡೆಯ ಉರ್ದು?" ಅಂದಳು. ಆಪಾ ಅಂದರೆ ಅಕ್ಕ.

"ಹರಿಹರದ ಉರ್ದು. ಅರ್ಧ ಕನ್ನಡ ಐತೆ ಇದರಾಗ," ಅಂದೆ. ಅವಳು ಕುಲುಕುಲು ನಕ್ಕಳು.

ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತು, ಕೈಯಲ್ಲಿದ್ದ ಕಾರ್ಡುಗಳನ್ನು ಓದುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ಬೆವರು ಪೌಡರನ್ನು ಸೀಳಿಕೊಂಡು ಇಳಿಯುತ್ತಿತ್ತು. ರಂಗಕ್ಕೆ ಹೆದರಿದವರು ಯಾವ ದೇಶದಲ್ಲಿದ್ದರೂ ನನಗೆ ಗೊತ್ತಾಗುತ್ತದೆ. "ಇವರು ಯಾರು?" ಎಂದೆ.

"ಇವರೇ ಟೋನಿ!" ಅಂದಳು ನಸ್ರೀನ್.

ಟೋನಿ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಯಾರೆಂದು ನಸ್ರೀನ್ ಹೇಳಿದಳು. ನಾಟಕದವಳು ಎಂದು ಕೇಳಿದ್ದೇ ಅವರು ಕಾರ್ಡುಗಳನ್ನು ಪಕ್ಕಕ್ಕಿಟ್ಟರು. ನಮ್ಮಿಬ್ಬರ ಮಾತು ನಸ್ರೀನಳ ಬಾಯಿಂದ ಆಚೀಚೆ ಹೋಗಿಬರತೊಡಗಿತು.

"ನಾನು ಇವತ್ತಿನವರೆಗೆ ಒಂದು ಗೇಮೂ ಆಡಿಲ್ಲ," ಅಂದರು ಟೋನಿ. "ಬರೆದುಕೊಟ್ಟ ಜೋಕುಗಳೆಲ್ಲ ಒಂದೇ. ಗೇಮ್ ಮಾಡೋರು ಸ್ನಾನ ಮಾಡಲ್ಲ, ಇವರಿಗೆ ಹುಡುಗಿಯರು ಸಿಗಲ್ಲ. ಮುಂದೆ ಕೂತಿರೋರು ಇವರೇ. ನಾನು ಹೇಗೆ ಹೇಳಲಿ?"

"ಹೇಳಬ್ಯಾಡ್ರಿ."

"ಹೇಳದಿದ್ದರೆ ಟಿವಿ ನೋಡೋರು ಚಾನೆಲ್ ಬದಲಾಯಿಸ್ತಾರೆ."

ಅವರಿಗೆ ನಮ್ಮ ಕಂಪನಿಯಲ್ಲಿ ನಡೆದದ್ದು ಹೇಳಿದೆ. ಒಂದು ಕ್ಯಾಂಪಿಗೆ ಚನ್ನಬಸಪ್ಪನವರು ವಿಶೇಷ ಆಕರ್ಷಣೆ ಎಂದು ಸಿನಿಮಾ ನಟರೊಬ್ಬರನ್ನು ಕರೆಸಿದ್ದರು. ಟೆಂಟು ತುಂಬಿ ಹೊರಗೂ ಜನ. ಆ ನಟರಿಗೆ ನಾಟಕ ಗೊತ್ತಿಲ್ಲ, ತಿಳಿಯುವ ಮನಸ್ಸೂ ಇಲ್ಲ. ನಮ್ಮನ್ನೆಲ್ಲ ಗೇಲಿ ಮಾಡಿ ಜನರನ್ನು ನಗಿಸಿ ಹೋದರು. ಮರುದಿನ ಖಾಲಿ ಟೆಂಟಿನಲ್ಲಿ ನಾಯಿ ಮಲಗಿತ್ತು. ಇನ್ನೊಂದು ಕ್ಯಾಂಪಿಗೆ ಮತ್ತೊಬ್ಬ ನಟರು ಬಂದರು. ಅವರು ಮಧ್ಯಾಹ್ನವೇ ಬಂದು ಎಲ್ಲರ ಹೆಸರು ಕೇಳಿ, ನಾಟಕದ ನಡುವೆ ಜನರ ಕಡೆ ತಿರುಗಿ, "ಈ ಹಾಡು ನಿಮಗೆ ಹಿಡಿಸಿದ್ರೆ ಆ ಮೂಲೆಯಾಗ ಕೂತ ಹಾರ್ಮೋನಿಯಂ ಮಾಸ್ತರಿಗೆ ಚಪ್ಪಾಳೆ ಹೊಡೀರಿ" ಅಂದರು. ಅವರು ಹೋದ ಮೇಲೂ ಆ ಕ್ಯಾಂಪು ಮಳೆ ಬೀಳುವವರೆಗೆ ನಡೆಯಿತು.

"ಜನ ನಿಮ್ಮ ಮುಖ ನೋಡಾಕ ಬರ್ತಾರೆ ಸಾಹೇಬ್ರೆ," ಅಂದೆ. "ಬರಲಿ, ಅದರಾಗೇನು ತಪ್ಪೈತಿ? ಆದ್ರ ನೀವು ಎತ್ತಾಗ ನೋಡ್ತೀರೋ ಅವರೂ ಅತ್ತಾಗ ನೋಡ್ತಾರೆ."

ನಸ್ರೀನ್ ಇದನ್ನು ಇಂಗ್ಲಿಷಿಗೆ ತಿರುಗಿಸಲು ಸ್ವಲ್ಪ ಹೊತ್ತು ತಗೊಂಡಳು. ನಾನು ಹೆಲೆನ್‌ಳ ತಾಯಿಯ ಸಂಗತಿಯನ್ನೂ ಹೇಳಿದೆ. ಹೀಗೆ ಸಹಾಯ ಕೇಳಬೇಕೋ ಬೇಡವೋ ತಿಳಿಯದು, ಆದರೆ ಕಲಾವಿದರು ಕಲಾವಿದರನ್ನು ಕೇಳದೆ ಇನ್ಯಾರನ್ನು ಕೇಳಬೇಕು?

ಅವರು ಎದ್ದು ಹೋದರು. ಕಾರ್ಡುಗಳು ಅಲ್ಲೇ ಉಳಿದವು. ಬಾಗಿಲ ಆಚೆ ಅವರೂ ಮಾರ್ಗರೆಟ್ಟೂ ದನಿ ಏರಿಸಿ ಮಾತಾಡಿದ್ದು ಕೇಳಿಸಿತು. "ಏನಂತಾರೆ?" ಎಂದು ಕೇಳಿದೆ.

ನಸ್ರೀನ್ ಬಾಗಿಲಿಗೆ ಕಿವಿಯಿಟ್ಟಳು. "ಟೋನಿ ತಮ್ಮ ಶುರುವಿನ ಜೋಕುಗಳನ್ನೆಲ್ಲ ಬಿಟ್ಟು ಆ ಹೊತ್ತನ್ನ ಸದ್ದಿನವರಿಗೆ ಕೊಡಿ ಅಂತಿದಾರೆ. ಆಕೆ, ನೀವು ನಮ್ಮನ್ನ ಮುಳುಗಿಸ್ತೀರಿ ಅಂತಿದಾಳೆ." ಮತ್ತೆ ಕಿವಿಯಿಟ್ಟಳು. ಆಮೇಲೆ ತಿರುಗಿ ನನ್ನ ಮೂಗಿಗೆ ಪೌಡರು ಒತ್ತಿದಳು. "ಆಕೆ ಆಗಲಿ ಅಂದಳು, ಆಪಾ. ಟೀ ಕಪ್ಪು ಟಕ್ ಅಂತ ಕೆಳಗಿಟ್ಟಳು."

ಸಭೆ

ದೀಪಗಳು ಹತ್ತಿಕೊಂಡವು. ಟೋನಿ ಬಂದಾಗ ಜನ ಎದ್ದು ಕೂಗಿದರು. ಅವರು ಕೈ ಎತ್ತಿ ಸುಮ್ಮನಾಗಿಸಿ, ಕ್ಯಾಮೆರಾದ ಕಡೆ ತಿರುಗಿ ಏನೋ ಹೇಳಿದರು. ಹಾಲಿನಲ್ಲೆಲ್ಲ ಗುಸುಗುಸು. ನಾನು ಮೇಡಂ ಕಡೆ ನೋಡಿದೆ.

"ಮನೆಯಲ್ಲಿ ಕೂತೋರೆಲ್ಲ ಕಣ್ಣು ಮುಚ್ಚಿ ಅಂತಿದಾರೆ."

ಟಿವಿ ನೋಡುವವರಿಗೆ ಕಣ್ಣು ಮುಚ್ಚಿ ಎಂದವರನ್ನು ನಾನು ಅಲ್ಲೇ ಮೊದಲು ಕಂಡದ್ದು. ಎದುರಿನ ಮೂಲೆಯಲ್ಲಿ ನಿಂತಿದ್ದ ಮಾರ್ಗರೆಟ್ ನಿಜವಾಗಿಯೂ ಕಣ್ಣು ಮುಚ್ಚಿಕೊಂಡಳು, ಅದು ಭಯಕ್ಕೆ.

ದೀಪ ಆರಿತು. ಕತ್ತಲೆಯಲ್ಲಿ, ಬಹುಮಾನದ ಪಟ್ಟಿಯಲ್ಲಿದ್ದ ಮೊದಲ ಆಟದ ಸದ್ದು. ತಗಡಿನ ಮೇಲೆ ಮಳೆ, ದೂರದಿಂದ ಹತ್ತಿರಕ್ಕೆ ಬಂದು ನಮ್ಮ ತಲೆಯ ಮೇಲೇ ಸುರಿದ ಹಾಗೆ. ಹಿಂದಿನ ಸಾಲಿನ ಹೆಂಗಸು ಸೆಟೆದು ಕೂತದ್ದು ನನಗೆ ತಿಳಿಯಿತು. ಎರಡನೆಯದು, ಮಂಜಿನ ಮೇಲೆ ಯಾವುದೋ ಭಾರದ ಪ್ರಾಣಿ ಹೆಜ್ಜೆಯಿಡುತ್ತಾ ಬರುವುದು. ಅದು ನಿಂತು ಮೂಸಿದಾಗ ಮೇಡಂ ನನ್ನ ಕೈ ಹಿಡಿದರು. ಮೂರನೆಯದು, ಓಡಿ ಬಂದು ಅಡಗಿ ಕೂತ ಮಗುವಿನ ಉಸಿರು. ನಾಲ್ಕನೆಯದು, ಒಂದು ಕಬ್ಬಿಣದ ಗೇಟು ನಿಧಾನವಾಗಿ ಕಿರ್ ಎಂದು ತೆರೆದುಕೊಂಡಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನನ್ನ ನಗು.

ನನ್ನ ನಗು ನನ್ನ ಹೊರಗೆ ನಿಂತು ನನಗೇ ಕೇಳಿದ್ದು ಅದೇ ಮೊದಲು. ಅಲ್ಲಾ, ಇದನ್ನು ಕೇಳಿ ನಮ್ಮೂರಿನ ಮಕ್ಕಳು ಹೆಂಗೆ ಮಲಗಿದವೋ!

ದೀಪ ಬಂತು. ಟೋನಿ ಒಂದೊಂದು ಸದ್ದನ್ನೂ ಯಾರು ಹೇಗೆ ಮಾಡಿದರೆಂದು ಹೇಳಿ, ಅವರವರನ್ನು ನಿಲ್ಲಿಸಿದರು. ಮಂಜಿನ ಹೆಜ್ಜೆ ಮಾಡಿದವರು ಬಿಳಿ ಮೀಸೆಯ ಒಬ್ಬ ಮುದುಕರು. ಮೆಕ್ಕೆಜೋಳದ ಹಿಟ್ಟು ತುಂಬಿದ ಚೀಲವನ್ನು ಮುಷ್ಟಿಯಲ್ಲಿ ಹಿಸುಕಿ ಮಾಡಿದ್ದಂತೆ. ಹೆಲೆನ್ ಎದ್ದು ನಿಂತಳು. ಟೋನಿ ನನ್ನ ಕಡೆ ಬೆರಳು ತೋರಿಸಿದರು. ಒಂದು ಕ್ಯಾಮೆರಾ ಬಂದು ನನ್ನ ಮೂಗಿನ ಮುಂದೆ ನಿಂತಿತು.

"ಏಳ್ರಿ ಜುಬೇದಮ್ಮ, ಒಂದ್ಸಲ ನಗಬೇಕಂತೆ," ಅಂದರು ಮೇಡಂ.

ಮೈಕು ತರುತ್ತಿದ್ದ ಹುಡುಗಿಗೆ ಬೇಡವೆಂದು ಕೈಯಾಡಿಸಿದೆ. ಜನರೇಟರ್ ಕೆಟ್ಟ ದಿನಗಳಲ್ಲೂ ಕೊನೆಯ ಸಾಲಿಗೆ ಮುಟ್ಟಿಸಿದ ಗಂಟಲು ಇದು. ಸೆರಗು ಸಿಕ್ಕಿಸಿಕೊಂಡು, ಸೊಸೆಯ ಹಾಲಿಗೆ ವಿಷ ಬೆರೆಸಿದ ಅತ್ತೆಯಾಗಿ ನಕ್ಕೆ. ಮುಂದಿನ ಸಾಲಿನ ಕೋಟಿನವರು ಹಿಂದಕ್ಕೆ ಜರುಗಿದರು. ಆಮೇಲೆ ಬಿದ್ದ ಚಪ್ಪಾಳೆಯನ್ನು ನಾನೇ ವರ್ಣಿಸಿದರೆ ಚೆನ್ನಾಗಿರುವುದಿಲ್ಲ.

ಬಹುಮಾನ ಹೆಲೆನ್‌ಗೆ ಬರಲಿಲ್ಲ, ಬಿಳಿ ಮೀಸೆಯವರಿಗೆ ಬಂತು. ಅವರು ವೇದಿಕೆಗೆ ಹೋಗಿ, ಹಿಟ್ಟಿನ ಚೀಲವನ್ನು ತರಬೇಕಿತ್ತು ಎಂದಷ್ಟೇ ಹೇಳಿ ಇಳಿದುಬಿಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಹೆಲೆನ್. ಆಮೇಲಿನ ಸಭೆಯಲ್ಲಿ ಟೋನಿ ಹೇಳಿದ ಜೋಕುಗಳೆಲ್ಲ ಒಳ್ಳೆಯವೇನಲ್ಲ. ಎರಡು ಮೂರಕ್ಕೆ ಯಾರೂ ನಗಲಿಲ್ಲ, ಒಂದಕ್ಕೆ ಮೇಡಂ ಅರ್ಥ ಹೇಳಲು ಒಪ್ಪಲಿಲ್ಲ. ಆದರೆ ಪ್ರತಿ ಸಲ ಯಾರಾದರೂ ಆ ಬಾಡಿಗೆ ಕೋಟಿನಲ್ಲಿ ವೇದಿಕೆಗೆ ಬಂದಾಗ ಟೋನಿ ಒಂದು ಹೆಜ್ಜೆ ಹಿಂದೆ ಸರಿದು ಬಂದವರನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಕ್ಯಾಮೆರಾವೂ ಅತ್ತ ತಿರುಗುತ್ತಿತ್ತು.

ಸಭೆ ಮುಗಿದು ಹೊರಗಿನ ಪಡಸಾಲೆಗೆ ಬಂದಾಗ ಹೆಲೆನ್ ಗೋಡೆಯ ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತಿಗಿಂತ ಕೇಳುವುದೇ ಹೆಚ್ಚು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಫೋನಿಟ್ಟು ಬಂದು ಮೇಡಂ ಹತ್ತಿರ ಹೇಳಿದಳು.

"ಇವಳ ತಾಯಿ ಬಹುಮಾನದ ಮಾತೇ ಎತ್ತಲಿಲ್ಲವಂತೆ," ಅಂದರು ಮೇಡಂ. "ಅದು ನಮ್ಮ ಹಿತ್ತಲ ಗೇಟು ಅಲ್ಲವೇನೇ, ಅಂದರಂತೆ. ಕಣ್ಣು ಮುಚ್ಚಿ ಕೂತಿದ್ದಕ್ಕೆ ಗುರ್ತು ಹಿಡಿದೆ, ನಿನ್ನ ಅಪ್ಪ ಕೆಲಸ ಮುಗಿಸಿ ಬರುತ್ತಿದ್ದ ಸದ್ದು ಅದು, ನೀನು ಅದನ್ನ ಇಟ್ಟುಕೊಂಡಿದ್ದಿ ಅಂತ ನನಗೆ ಯಾಕ ಹೇಳಲಿಲ್ಲ ಅಂತ ಅತ್ತರಂತೆ."

ತೀರಿಹೋದ ಅಪ್ಪನ ಗೇಟು. ಆ ಮನೆಯ ತಾಯಿಗೆ ಮಗಳ ಕೆಲಸ ಏನೆಂದು ಆ ಸಂಜೆ ತಿಳಿಯಿತು.

ಮಾರ್ಗರೆಟ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮುಂದಿನ ವರ್ಷ ಟಿವಿಯವರು ಬರುತ್ತಾರೋ ಇಲ್ಲವೋ ಆಕೆಗೆ ಗೊತ್ತಿರಲಿಲ್ಲ. ಆದರೆ ಟಿವಿಯವನೊಬ್ಬ ಬಿಳಿ ಮೀಸೆಯವರನ್ನು ಮೂಲೆಯಲ್ಲಿ ಹಿಡಿದು, ಕುದುರೆಯ ಸದ್ದು ಹೇಗೆ, ಮುರಿದ ಎಲುಬಿನ ಸದ್ದು ಹೇಗೆ ಎಂದು ಬಿಡದೆ ಕೇಳುತ್ತಿದ್ದ. ಅದನ್ನು ತೋರಿಸಿ ಆಕೆ ಮೆಲ್ಲಗೆ ನಕ್ಕಳು.

ಹರಿಹರ

ಊರಿಗೆ ಬಂದಾಗ ನಮ್ಮ ಕ್ಯಾಂಪು ಹರಿಹರಕ್ಕೆ ಹೋಗಿತ್ತು. ಹೊಳೆಯ ಗಾಳಿಗೆ ಟೆಂಟು ಪಟಪಟ ಹೊಡಕೊಳ್ಳುತ್ತಿತ್ತು. ಚನ್ನಬಸಪ್ಪನವರು ಟಿವಿ ಧಾರಾವಾಹಿಯ ಹೊಸ ನಟಿಯೊಬ್ಬಳನ್ನು ಮೊದಲ ದಿನದ ಅತಿಥಿಯಾಗಿ ಕರೆಸಿದ್ದರು. ಊರೆಲ್ಲ ಅವಳ ದೊಡ್ಡ ಚಿತ್ರ.

ಮೇಕಪ್ ಕೋಣೆಯಲ್ಲಿ ಅವಳನ್ನು ಮಾತಾಡಿಸಿದೆ. ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ. "ಅಕ್ಕಾ, ನಾನು ಹೋಗಿ ಏನಂತ ಮಾತಾಡ್ಲಿ? ನನಗೆ ನಾಟಕದ ಬಗ್ಗೆ ಏನೂ ಗೊತ್ತಿಲ್ಲ," ಅಂದಳು.

"ಬಾ, ಒಬ್ರನ್ನ ತೋರಿಸ್ತೀನಿ," ಅಂತ ಪರದೆಯ ಹಿಂದೆ ಕರೆದೊಯ್ದೆ. ಅಲ್ಲಿ ಹದಡಿಯ ಕೊಟ್ರಪ್ಪ ಇದ್ದ. ನಮ್ಮ ಕಂಪನಿಯ ಗುಡುಗು, ಕುದುರೆ, ಬಿರುಗಾಳಿ ಎಲ್ಲವೂ ಅವನೇ. ಉದ್ದನೆಯ ತಗಡೊಂದನ್ನು ತೂಗುಹಾಕಿಕೊಂಡು, ಎರಡು ಕೈಯಲ್ಲಿ ಹಿಡಿದು ಅಲುಗಿಸುತ್ತಾನೆ. ಇಷ್ಟು ವರ್ಷಗಳಲ್ಲಿ ಪ್ರೇಕ್ಷಕರು ಒಬ್ಬರೂ ಅವನ ಮುಖ ನೋಡಿರಲಿಲ್ಲ. ಹುಡುಗಿ ಬಹಳ ಹೊತ್ತು ಅವನ ಹತ್ತಿರ ಕೂತಳು, ತಾನೂ ಒಮ್ಮೆ ತಗಡು ಅಲುಗಿಸಿ ನೋಡಿದಳು.

ಪರದೆ ಎದ್ದಿತು. ಅವಳನ್ನು ಕಂಡು ಜನ ಸಿಳ್ಳೆ ಹೊಡೆದರು. ಅವಳು ಕೈಮುಗಿದು, "ಎಲ್ಲರೂ ಒಂದು ನಿಮಿಷ ಕಣ್ಣು ಮುಚ್ಚಿಕೊಳ್ರಿ" ಅಂದಳು. ಹುಡುಗಿಯನ್ನು ನೋಡಲು ಬಂದವರಿಗೆ ಇದು ಅನ್ಯಾಯವೇ. ಆದರೂ ಮುಚ್ಚಿದರು.

ಕೊಟ್ರಪ್ಪ ತಗಡು ಹಿಡಿದ. ಮೊದಲು ಹೊಳೆಯ ಆಚೆ ದಂಡೆಯಲ್ಲಿ ಗುಡುಗಿದ ಹಾಗೆ, ಆಮೇಲೆ ಸೇತುವೆ ದಾಟಿ, ಊರು ದಾಟಿ, ಟೆಂಟಿನ ನೆತ್ತಿಯ ಮೇಲೆ ಬಂದು ಸಿಡಿದ ಹಾಗೆ.

"ಅಯ್ಯಯ್ಯೋ, ಅಂಗಳದಾಗ ಜೋಳ ಒಣಗಾಕೀನಿ!" ಅಂತ ಹಿಂದಿನಿಂದ ಒಬ್ಬಾಕೆ ಕೂಗಿದಳು. ಟೆಂಟಿಗೆ ಟೆಂಟೇ ನಕ್ಕಿತು. ಹುಡುಗಿ ಒಳಗೆ ಹೋಗಿ ಕೊಟ್ರಪ್ಪನ ಕೈ ಹಿಡಿದು ಹೊರಗೆ ತಂದಳು. ಅವನು ನಾಚಿಕೊಂಡು ತಗಡನ್ನೇ ಮುಖಕ್ಕೆ ಅಡ್ಡ ಹಿಡಿದು ಬಂದ. ಜನ ಬಿಡಲಿಲ್ಲ, ತಗಡು ಇಳಿಸುವವರೆಗೆ ಚಪ್ಪಾಳೆ ಹೊಡೆದರು.

ಮರುದಿನ ಸಂಜೆ ನಾನು ಟಿಕೆಟ್ ಕಿಟಕಿಯ ಒಳಗೆ ಚಹಾ ಕುಡಿಯುತ್ತಾ ಕೂತಿದ್ದೆ. ಕೊಂಡಜ್ಜಿಯಿಂದ ಒಂದು ಕುಟುಂಬ ಬಂದಿತ್ತು, ಗಂಡ, ಹೆಂಡತಿ, ಹೆಂಡತಿಯ ಕಂಕುಳಲ್ಲಿ ಕೂಸು. ಟಿಕೆಟ್ ಕೊಡುವಾತ ಮೊದಲೇ ಹೇಳಿಬಿಟ್ಟ. "ನೋಡ್ರಿ, ಇವತ್ತು ಆ ಸೀರಿಯಲ್ ಹುಡುಗಿ ಇಲ್ಲ. ಆಮ್ಯಾಲೆ ಬಂದು ಜಗಳ ಮಾಡಬ್ಯಾಡ್ರಿ."

"ಗೊತ್ತೈತ್ರಿ," ಅಂದ ಆ ಗಂಡಸು. "ಗುಡುಗಿನೋರು ಅದಾರೋ ಇಲ್ಲೋ ಅಷ್ಟು ಹೇಳ್ರಿ."

"ಅದಾರೆ, ಬರ್ರಿ," ಅಂತ ನಾನೇ ಒಳಗಿನಿಂದ ಕೂಗಿದೆ.

ಹೆಂಡತಿ ಕಿಟಕಿಗೆ ಬಗ್ಗಿ, "ಹಂಗಾದ್ರ ಮುಂದಿನ ಸಾಲಿನ್ವು ಕೊಡ್ರಿ" ಅಂದಳು.